ಅಜಿನೋಣುಗು ಮೀಮಾಂಸೆ

ಶೀರ್ಷಿಕಾ ವಿಚಾರ

ಗ್ರಂಥದ ಹೆಸರು ಕಂಡೊಡನೆ ವೈಯಾಕರಣರು ಹುಬ್ಬು ಗಂಟಿಕ್ಕುತ್ತಾರೆಂದು ಬಲ್ಲೆ. ‘ಅಜಿನ’ ಸಂಸ್ಕೃತ, ‘ಉಣುಗು’ ಅಪ್ಪಟ ಮಲೆನಾಡಿನ ಕನ್ನಡ. ಎರಡನ್ನೂ ಬೆಸೆದರೆ ಅರಿಸಮಾಸ ದೋಷ. ಒಪ್ಪಿದೆ. ಆದರೆ ಜಿಂಕೆಯ ಚರ್ಮಕ್ಕೆ ಉಣುಗು ಕಚ್ಚಿಕೊಂಡದ್ದನ್ನು ಅರಿಸಮಾಸವೆನ್ನದೆ ಇನ್ನೇನೆನ್ನಬೇಕು? ಅರಿಯೂ ಇದ್ದಾನೆ, ಸಮಾಸವೂ ಬಿಡಿಸಲಾರದಷ್ಟು ಗಟ್ಟಿಯಾಗಿದೆ. ಇದನ್ನೇ ಉಣ್ಣೆ ಎನ್ನುವವರೂ ಉಂಟು. ಆ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ. ‘ಚರ್ಮದ ತುಂಬ ಉಣ್ಣೆ’ ಎಂದರೆ ಕಂಬಳಿ ನೇಯುವವನು ಹಿಗ್ಗುತ್ತಾನೆ, ಮಿಕ್ಕವರು ಪಂಚೆ ಕೊಡವಿಕೊಳ್ಳುತ್ತಾರೆ. ಶಾಸ್ತ್ರದಲ್ಲಿ ಇಂಥ ಶ್ಲೇಷೆ ಸಲ್ಲದು.

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥವೆಂದಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಇರಲೇಬೇಕು. ವಿಷಯ: ಬೇಟೆಯ ಜಿಂಕೆಯ ಹಸಿಚರ್ಮದಲ್ಲಿ ಬೀಡುಬಿಟ್ಟ ಉಣುಗು. ಅಧಿಕಾರಿ: ತೀರ್ಥಹಳ್ಳಿ ಕಡೆಯಿಂದ ಮಗನ ಮನೆಗೆಂದು ಪೆನ್ಸಿಲ್ವೇನಿಯಾಕ್ಕೆ ಬಂದು, ಮೊಮ್ಮಗನ ಉಪನಯನಕ್ಕೆ ಅಜಿನ ಆಗಲೇಬೇಕೆಂದು ಹಟ ಹಿಡಿದ ನಿವೃತ್ತ ಸಂಸ್ಕೃತ ಮೇಷ್ಟ್ರು, ಅಂದರೆ ನಾನು. ಸಂಬಂಧ: ಉಣುಗಿಗೂ ನನಗೂ ಆದದ್ದು, ಮುಂದೆ ಬರುತ್ತದೆ. ಪ್ರಯೋಜನ: ಮನೆಯಲ್ಲಿ ನೆಮ್ಮದಿ, ಇದು ಇನ್ನೂ ಬಂದಿಲ್ಲ.

ಊರಿಂದಲೇ ಕೃಷ್ಣಾಜಿನ ತರಬಹುದಿತ್ತಲ್ಲ ಎಂದು ಕೇಳುವವರಿಗೆ ಉತ್ತರ: ಕೃಷ್ಣಮೃಗವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದ ಕಾಯುತ್ತಿದೆ. ಅದರ ಚರ್ಮ ಹೊತ್ತು ವಿಮಾನ ಹತ್ತಿದರೆ ವಟುವಿಗಿಂತ ಮೊದಲು ಅಜ್ಜನಿಗೇ ಗುರುಕುಲವಾಸವಾಗುತ್ತದೆ. ಇಲ್ಲಿಯಾದರೋ ಪಕ್ಕದ ಮನೆಯವರು ಪ್ರತಿ ನವೆಂಬರ್ ಕೊನೆಗೆ ಲೈಸೆನ್ಸ್ ಪಡೆದು ಬಿಳಿಬಾಲದ ಜಿಂಕೆ ಹೊಡೆಯುವವರು. ‘ಪೂಜೆಗೆ ಬೇಕಂತೆ’ ಎಂದು ಮಗ ಹೇಳಿದ್ದೇ ತಡ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಚರ್ಮ ಬಂತು. ವರ್ಣಕ್ಕನುಗುಣವಾಗಿ ಕೃಷ್ಣಮೃಗ, ರುರು, ಆಡುಗಳ ಚರ್ಮವನ್ನು ವಿಧಿಸಿದ ಆಶ್ವಲಾಯನರು ಬಿಳಿಬಾಲದ ಜಿಂಕೆಯನ್ನು ಹೇಳಿಲ್ಲವಲ್ಲ ಎಂಬ ಆಕ್ಷೇಪ ನಿಲ್ಲದು. ಆಶ್ವಲಾಯನರಿಗೆ ವೀಸಾ ಇರಲಿಲ್ಲ.

ಲಕ್ಷಣ

ಉಣುಗು ಕೀಟವಲ್ಲ, ಜೇಡ ಚೇಳುಗಳ ದಾಯಾದಿ. ಮೊಟ್ಟೆಯಿಂದ ಬರುವಾಗ ಆರು ಕಾಲು, ಒಂದು ಊಟವಾಗಿ ಪೊರೆ ಕಳಚಿದಮೇಲೆ ಎಂಟು. ಇಲ್ಲಿನ ಕರಿಗಾಲಿನ ಉಣುಗು ಸುಮಾರು ಎರಡು ವರ್ಷದ ಬಾಳಿನಲ್ಲಿ ಉಣ್ಣುವುದು ಮೂರೇ ಊಟ. ಏಕಾದಶಿಯಂದು ಒಪ್ಪತ್ತಿನ ಹೆಸರಿನಲ್ಲಿ ಎರಡು ತಟ್ಟೆ ಅವಲಕ್ಕಿ ಉಪ್ಪಿಟ್ಟು ತಿನ್ನುವ ನಾವು ಅದನ್ನು ‘ಹೊಟ್ಟೆಬಾಕ’ ಎನ್ನುವುದು ಅನ್ಯಾಯ. ಕೆಚ್ಚಲಲ್ಲೇ ಇದ್ದು ಹಾಲಿನ ರುಚಿ ಕಾಣದ ಪ್ರಾಣಿ ಎಂದೂ ಹೀಗಳೆದಿದ್ದೇವೆ. ಹಾಲು ಕರುವಿಗೆಂದು ಬಿಟ್ಟ ಔದಾರ್ಯವನ್ನು ಯಾರೂ ಗಮನಿಸಿಲ್ಲ.

ಅಜ್ಞಾತ ಗ್ರಾಮಗಳಿಗೆ ಕೀರ್ತಿ ತರುವುದರಲ್ಲಂತೂ ಇದಕ್ಕೆ ಸಮನಿಲ್ಲ. ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡು 1957ರಲ್ಲಿ ಮಂಗನ ಕಾಯಿಲೆಯಿಂದ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಇಲ್ಲಿ ಕನೆಕ್ಟಿಕಟ್‌ನ ಲೈಮ್ ಎಂಬ ಪುಟ್ಟ ಊರು 1970ರ ದಶಕದಲ್ಲಿ, ಮಕ್ಕಳ ಕೀಲುನೋವಿನ ದೆಸೆಯಿಂದ, ಅದೇ ಪದವಿ ಪಡೆಯಿತು. ಲೈಮ್ ಕಾಯಿಲೆಯ ರೋಗಾಣುವನ್ನು 1982ರಲ್ಲಿ ಗುರುತಿಸಿದ ವಿಲ್ಲಿ ಬರ್ಗ್‌ಡಾರ್ಫರ್ ಅವರ ಹೆಸರನ್ನು ಆ ರೋಗಾಣುವಿಗೇ ಇಟ್ಟರು. ಜಿಂಕೆಯಾದರೋ ನಿರಪರಾಧಿ: ಅದು ಉಣುಗನ್ನು ಸಾಕುತ್ತದೆ, ರೋಗಾಣುವನ್ನು ಅಂಟಿಸುವುದಿಲ್ಲ. ಆ ಕೆಲಸ ಇಲಿಯದು. ಹೆಸರು ಮಾತ್ರ ‘ಜಿಂಕೆ ಉಣುಗು’.

ಲೋನ್ ಸ್ಟಾರ್ ಎಂಬ ಇನ್ನೊಂದು ಜಾತಿಯಿದೆ. ಅದು ಕಚ್ಚಿದ ಕೆಲವರಿಗೆ ಮುಂದೆ ದನ, ಹಂದಿ, ಜಿಂಕೆಯ ಮಾಂಸ ಮೈಗೆ ಒಗ್ಗದು. ಸಾವಿರ ಪ್ರವಚನಗಳಿಂದ ಆಗದ ಮತಾಂತರವನ್ನು ಒಂದೇ ಕಡಿತದಲ್ಲಿ ಮಾಡುವ ಇದನ್ನು ಆಚಾರ್ಯಪೀಠದಲ್ಲಿ ಕೂರಿಸಲು ಸಿದ್ಧನಾಗಿದ್ದೆ. ಅಷ್ಟರಲ್ಲಿ ಮಗ ಮುಂದಕ್ಕೆ ಓದಿದ: ಕೆಲವರಿಗೆ ಹಾಲೂ ಒಗ್ಗುವುದಿಲ್ಲವಂತೆ. ಪೀಠ ಖಾಲಿಯಾಗಿಯೇ ಇದೆ.

ಪೂರ್ವಪಕ್ಷ

ಶೈತ್ಯವಾದಿಯಾದ ಮಗ ಹೇಳಿದ್ದು: ‘ಹೊರಗೆ ಹಿಮ ಬೀಳ್ತಿದೆ. ಚೀಲ ಅಲ್ಲೇ ಇರಲಿ, ತಾವಾಗಿ ಸಾಯ್ತವೆ.’ ಇದು ಅಸಿದ್ಧ. ಬೆಳೆದ ಉಣುಗು ತರಗೆಲೆಯಡಿ ಮಲಗಿ ಚಳಿಗಾಲ ಕಳೆಯುತ್ತದೆ. ಥರ್ಮಾಮೀಟರು 4 ಡಿಗ್ರಿ ದಾಟಿತೋ, ಎದ್ದು ಕೈ ಚಾಚುತ್ತದೆ. ಫ್ರೀಜರಿನಲ್ಲಿಡೋಣವೆಂದರೆ ಅಲ್ಲಿ ತೆಂಗಿನ ತುರಿಯ ಪಕ್ಕ ಜಾಗವಿತ್ತು. ‘ಮಾವ, ಅದು ಒಳಗೆ ಬಂದ್ರೆ ನಾನು ಹೊರಗೆ’ ಎಂದಳು ಸೊಸೆ. ಈ ವಾದಕ್ಕೆ ಖಂಡನೆ ಯಾವ ಶಾಸ್ತ್ರದಲ್ಲೂ ಇಲ್ಲ.

ಔಷ್ಣ್ಯವಾದಿ ನಾನೇ. ಬಟ್ಟೆ ಒಣಗಿಸುವ ಯಂತ್ರದ ಬಿರುಬಿಸಿಯಲ್ಲಿ 10 ನಿಮಿಷ ಸುತ್ತಿದರೆ ಒಣಬಟ್ಟೆಯ ಉಣುಗೆಲ್ಲ ಸಾಯುತ್ತದೆಂಬುದು ನಿಜ. ಬಟ್ಟೆಗೆ ಹೇಳಿದ್ದು ಚರ್ಮಕ್ಕೂ ಸಲ್ಲಬೇಕೆಂದು ಅತಿದೇಶ ಮಾಡಿದೆ. ಸಲ್ಲದು. 60 ಡಿಗ್ರಿ ದಾಟಿದ ಬಿಸಿಗೆ ಒದ್ದೆ ಹಸಿಚರ್ಮ ಮುದುಡಿ ಕರಿದ ಹಪ್ಪಳವಾಗುತ್ತದೆ. ಬೆಂಕಿಕಡ್ಡಿ ತೋರಿಸುವ ವಾಮಾಚಾರವನ್ನು ಚರ್ಚಿಸುವುದಿಲ್ಲ. ಕೂದಲು ಮೊದಲು ಹೊತ್ತಿಕೊಳ್ಳುತ್ತದೆ.

ಸಿದ್ಧಾಂತ

ಸಿದ್ಧಾಂತ ಹೇಳಿದ್ದು ನನ್ನಾಕೆ. ನಲವತ್ತು ವರ್ಷ ಕೊಟ್ಟಿಗೆಯಲ್ಲಿ ದನದ ಕಿವಿಯೊಳಗಿನ ಉಣುಗು ಹೆಕ್ಕಿದ ವಿದುಷಿ. ‘ರೀ, ಮೈ ತಣ್ಣಗಾದ್ಮೇಲೆ ಅವು ನಿಲ್ಲೋದಿಲ್ಲ. ನಮ್ಮೂರಲ್ಲಿ ಮಂಗ ಸತ್ತ ಜಾಗಕ್ಕೆ ಯಾಕೆ ಹೋಗ್ಬೇಡಿ ಅಂತಾರೆ?’ ಹೌದು, ಸತ್ತ ಮಂಗನಿಂದ ಇಳಿದ ಉಣುಗು ಸುತ್ತಲ ನೆಲದಲ್ಲಿ ಕಾಯುತ್ತದೆ. ಅದಕ್ಕೇ ಅಲ್ಲಿ ಔಷಧಿಪುಡಿ ಎರಚುವುದು, ಕಾಡಿಗೆ ಹೋಗುವವರಿಗೆ ಡೆಪಾ ತೈಲ ಹಂಚುವುದು. ಜೀವ ಹಳೆಯ ದೇಹ ಬಿಟ್ಟು ಹೊಸದನ್ನು ಹಿಡಿಯುತ್ತದೆಂದು ಮೂವತ್ತು ವರ್ಷ ಪಾಠ ಮಾಡಿದ್ದೆ. ಉಣುಗೂ ಹಾಗೆಯೇ ಮಾಡುತ್ತದೆ. ಆ ಹೊಸ ದೇಹ ನನ್ನದಾಗಬಹುದೆಂದು ಮಾತ್ರ ಹೊಳೆದಿರಲಿಲ್ಲ.

ಅವಳ ಸೂತ್ರಗಳು ಇವು. ಚರ್ಮವನ್ನು ಮನೆಯಿಂದ ದೂರ ತೂಗುಹಾಕು, ಇಳಿಯುವವು ಇಳಿಯಲಿ. ಬಿಳಿ ಬಟ್ಟೆ ಉಡು, ಹತ್ತಿದ್ದು ಕಾಣಲಿ. ಕೈಗವಸು ಹಾಕು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕು. ಒಳಮೈಯ ಮಾಂಸ ಕೊಬ್ಬು ಕೆರೆದು ಉಪ್ಪನ್ನು ದಪ್ಪಗೆ ತಿಕ್ಕು, ಆಮೇಲೆ ಹದ ಮಾಡುವವರಿಗೆ ಕೊಡು. ಹದದ ತೊಟ್ಟಿಯಿಂದ ಯಾವ ಉಣುಗೂ ಬದುಕಿ ಬರದು. ಒಳಗೆ ಬಂದೊಡನೆ ಉಟ್ಟದ್ದನ್ನು ಯಂತ್ರಕ್ಕೆ ಹಾಕಿ, ಕಂಕುಳು, ಸೊಂಟ, ಕಿವಿಯ ಹಿಂದೆ, ಮಂಡಿಯ ಹಿಂದೆ ನೋಡಿಕೋ.

ಕೊನೆಯ ಸೂತ್ರಕ್ಕೆ ಉದಾಹರಣೆ ನನ್ನ ಎಡಮಂಡಿಯ ಹಿಂದೆಯೇ ಸಿಕ್ಕಿತು. ಎಳ್ಳಿನಷ್ಟು. ವ್ಯಾಸಲೀನ್ ಹಚ್ಚೋಣವೆಂದೆ. ‘ಸುಮ್ನಿರಿ’ ಎಂದು ಸೊಸೆಯ ಹುಬ್ಬಿನ ಚಿಮಟ ತಂದು, ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ, ನೇರ ಮೇಲಕ್ಕೆಳೆದಳು. ಬಂತು. ಲೈಮ್ ಅಂಟಲು ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಕಚ್ಚಿಕೊಂಡಿರಬೇಕಂತೆ; ನಮ್ಮ ಸಂಬಂಧ ಒಂದು ಸಂಜೆಯದು. ಸಮಾಸವನ್ನು ವಿಗ್ರಹ ಮಾಡುವ ಕ್ರಮ ಇಷ್ಟು ಸರಳವೆಂದು ನನಗೆ ಯಾವ ಗುರುವೂ ಹೇಳಿಕೊಟ್ಟಿರಲಿಲ್ಲ.

ಫಲಶ್ರುತಿ

ಚರ್ಮ ಹದಕ್ಕೆ ಹೋಯಿತು. ಬರಲು ತಿಂಗಳುಗಳೇ ಬೇಕೆಂದರು. ಉಪನಯನದ ಮುಹೂರ್ತ ಕಾಯಲಿಲ್ಲ. ಹೋಮಕುಂಡದ ಮುಂದೆ ಕುಳಿತು ನಾನು ನಡೆದದ್ದನ್ನೆಲ್ಲ ಪೂರ್ವಪಕ್ಷಸಹಿತ ನಿವೇದಿಸಿದೆ. ಪುರೋಹಿತರು ಕೈಗಡಿಯಾರ ನೋಡಿಕೊಂಡು, ತಟ್ಟೆಯಿಂದ ನಾಲ್ಕು ಕಾಳು ತೆಗೆದು ವಟುವಿನ ಮೇಲೆ ಹಾಕಿದರು.

‘ಅಜಿನಾರ್ಥೇ ಅಕ್ಷತಾನ್ ಸಮರ್ಪಯಾಮಿ. ಮುಂದೆ?’

ಹೀಗೆ ವಸ್ತ್ರ, ಆಭರಣ, ಆನೆ, ಕುದುರೆ ಯಾವುದಿಲ್ಲದಿದ್ದರೂ ನಮ್ಮ ದೇವರು ಅಕ್ಷತೆಗೆ ಒಪ್ಪಿಕೊಳ್ಳುತ್ತಾನೆ. ಮೂರು ಲೋಕದಲ್ಲಿ ಅಕ್ಷತೆಗೆ ಒಪ್ಪದೆ, ಸಾಕ್ಷಾತ್ ನೈವೇದ್ಯವನ್ನೇ ಬೇಡುವುದು ಉಣುಗು ಒಂದೇ ಎಂಬಲ್ಲಿಗೆ ಮೀಮಾಂಸೆ ಸಮಾಪ್ತ.