ಶೋಕಮಾನ ಮೀಮಾಂಸೆ: ಗಣ್ಯರ ನಿಧನದಲ್ಲಿ ವಜಾಬಾಕಿಯ ಪಾತ್ರ

ಭರತಮುನಿ ಶೋಕವನ್ನು ಕರುಣರಸದ ಸ್ಥಾಯಿಭಾವವೆಂದು ಸಾರಿದ. ಯಾವ ಪ್ರಕೃತಿಯ ಮನುಷ್ಯ ಹೇಗೆ ಅಳುತ್ತಾನೆ ಎಂಬುದನ್ನೂ ವಿಂಗಡಿಸಿದ. ಅಳುವವನ ವಯಸ್ಸೆಷ್ಟು ಎಂಬ ಕಾಲಮ್ಮನ್ನು ಮಾತ್ರ ಖಾಲಿ ಬಿಟ್ಟ. ಆತನ ಕಾಲಕ್ಕೆ ಸಿನಿಮಾ ನಟರಿರಲಿಲ್ಲವಾದ್ದರಿಂದ ಈ ಲೋಪವನ್ನು ಮನ್ನಿಸಬಹುದು. ಆನಂತರದ ಆಲಂಕಾರಿಕರನ್ನೂ ಮನ್ನಿಸಬೇಕೇ ಎಂಬುದು ಬೇರೊಂದು ಮಹಾಪ್ರಬಂಧದ ವಿಷಯ. ಮಾರ್ಗದರ್ಶಕರು ಸಿಕ್ಕಿದರೆ ಬರೆಯಲು ನಾನು ಸಿದ್ಧ.

ಪ್ರಸ್ತುತ ಅಧ್ಯಯನದ ವ್ಯಾಪ್ತಿ ಕನ್ನಡನಾಡು, ಹೆಚ್ಚಾಗಿ 1990ರಿಂದ ಈಚಿನದು. ಆಕರಗಳು: ಹೋಟೆಲಿನ ಮೂಲೆಮೇಜು, ಕ್ಷೌರದಂಗಡಿಯ ಬೆಂಚು, ಮದುವೆಮನೆಯ ಎರಡನೇ ಪಂಕ್ತಿ. ಮೊದಲ ಪಂಕ್ತಿಯವರು ಹಸಿದಿರುತ್ತಾರೆ, ಸಾವಿನ ಮಾತೆತ್ತುವುದಿಲ್ಲ. ಹೀಗಾಗಿ ಅವರನ್ನು ಕೈಬಿಡಲಾಗಿದೆ.

ಪ್ರಥಮ ಸೂತ್ರ: ಮೃತರ ವಯಸ್ಸಿನಲ್ಲಿ ಶೋಕಿಸುವವನ ವಯಸ್ಸನ್ನು ಕಳೆದು ಉಳಿದ ಶೇಷವೇ ಶೋಕ.

ಇದರ ವೃತ್ತಿ ಹೀಗೆ. ಹೆಸರಾಂತ ವ್ಯಕ್ತಿಯೊಬ್ಬರು ತೀರಿಕೊಂಡ ಸುದ್ದಿ ಬಂದಾಗ ಮೂವತ್ತರೊಳಗಿನವನು ‘ಏನಾಯ್ತಂತೆ?’ ಎಂದು ಕೇಳುತ್ತಾನೆ. ಐವತ್ತು ದಾಟಿದವನು ‘ಎಷ್ಟಾಗಿತ್ತಂತೆ ವಯಸ್ಸು?’ ಎಂದು ಕೇಳುತ್ತಾನೆ. ಉತ್ತರ ಸಿಕ್ಕ ಮೇಲೆ ಅವನು ಕ್ಷಣಕಾಲ ಸುಮ್ಮನಾಗುತ್ತಾನೆ. ಅದನ್ನು ಮೌನಾಚರಣೆ ಎಂದು ಅನೇಕರು ತಪ್ಪು ತಿಳಿದಿದ್ದಾರೆ. ಅವನು ವಜಾಬಾಕಿ ಮಾಡುತ್ತಿರುತ್ತಾನೆ. ಶೇಷ ಮೂವತ್ತರ ಮೇಲೆ ಬಂದರೆ ‘ತುಂಬು ಜೀವನ ನಡೆಸಿದರು ಬಿಡಿ’. ಹತ್ತರೊಳಗೆ ಬಂದರೆ ‘ಹೋಗೋ ವಯಸ್ಸೇನ್ರೀ ಅದು?’. ಮೃತರು ಒಬ್ಬರೇ ಎಂಬುದನ್ನು ಗಮನಿಸಬೇಕು. 2025ರ ಸೆಪ್ಟೆಂಬರಿನಲ್ಲಿ ಎಸ್. ಎಲ್. ಭೈರಪ್ಪನವರು 94ನೇ ವಯಸ್ಸಿನಲ್ಲಿ ತೀರಿಕೊಂಡಾಗ ನಲವತ್ತರ ಓದುಗರು ತುಂಬು ಜೀವನದ ಬಗ್ಗೆ ಧಾರಾಳವಾಗಿ ಮಾತಾಡಿದರು. ಅದೇ ಮನೆಯ ಜಗಲಿಯಲ್ಲಿ ಕೂತಿದ್ದ ಎಂಬತ್ತೆಂಟರ ಓದುಗರಿಗೆ ಆ ಮಾತು ಅಷ್ಟಾಗಿ ರುಚಿಸಲಿಲ್ಲ.

ಮಕ್ಕಳ ವಿಷಯವನ್ನು ಬೇಗ ಮುಗಿಸಬಹುದು. ಅವರಲ್ಲಿ ಶೋಕವೆಂಬುದು ರಜೆಯ ಪರ್ಯಾಯನಾಮ. ಸಾಹಿತಿಗಳ ಮರಣದಲ್ಲಿ ಮಾತ್ರ ಅವರಿಗೊಂದು ವಿಶೇಷ ಬೆರಗು ಉಂಟಾಗುತ್ತದೆ. ಪಠ್ಯಪುಸ್ತಕದಲ್ಲಿರುವ ಕವಿಗಳೆಲ್ಲರೂ ಪಂಪನ ಓರಗೆಯವರು, ಎಂದೋ ಗತಿಸಿದವರು ಎಂದು ಮಕ್ಕಳು ನಂಬಿರುತ್ತಾರೆ. ಕವಿಪರಿಚಯದಲ್ಲಿ 1904 ಎಂದು ಬರೆದು ಒಂದು ಅಡ್ಡಗೆರೆ ಎಳೆದು ಮುಂದೆ ಖಾಲಿ ಬಿಟ್ಟಿದ್ದರೆ ಅದು ಅಚ್ಚಿನ ದೋಷ ಎಂದೇ ಅವರ ಭಾವನೆ. 1994ರ ನವೆಂಬರ್ 11ರಂದು ಕುವೆಂಪು ನಿಧನರಾದಾಗ ಶಾಲೆಗಳಲ್ಲಿ ಹಬ್ಬಿದ ನಿಜವಾದ ಸುದ್ದಿ, ಅವರು ಹಿಂದಿನ ದಿನದವರೆಗೂ ಮೈಸೂರಿನಲ್ಲಿ ಬದುಕಿದ್ದರು ಎಂಬುದು.

ಯೌವನದ ಶೋಕ ನಮ್ಮ ಸೂತ್ರಕ್ಕೆ ಮೊದಲ ಪೆಟ್ಟು ಕೊಡುತ್ತದೆ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 76. ಬೀದಿಗಿಳಿದವರಲ್ಲಿ ಬಹಳ ಮಂದಿಗೆ ಇಪ್ಪತ್ತರ ಆಸುಪಾಸು. ಶೇಷ ಐವತ್ತಾರು, ಸೂತ್ರದ ಪ್ರಕಾರ ಅವರು ‘ತುಂಬು ಜೀವನ’ ಎಂದು ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ, ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಸಿದ್ಧಾಂತಿಯ ಸಮಾಧಾನ ಇಷ್ಟು: ಕಲ್ಲು ತೂರಿದವರಲ್ಲಿ ಕಂಡದ್ದು ಶೋಕವಲ್ಲ, ಉತ್ಸಾಹ. ಅದು ವೀರರಸದ ಸ್ಥಾಯಿಭಾವ, ಕರುಣದ ಕಡತದಲ್ಲಿ ತಪ್ಪಾಗಿ ಸೇರಿಕೊಂಡಿದೆ. ಆ ಗಲಭೆಯಲ್ಲಿ ಜೀವಗಳೂ ಹೋದವು, ಅಷ್ಟು ಮಟ್ಟಿಗೆ ಈ ಪ್ರಬಂಧ ತಮಾಷೆ ಬಿಟ್ಟು ನಿಲ್ಲುತ್ತದೆ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದಾಗ ಟೆಂಟಿನ ಮರಳಿನ ಮೇಲೆ ಕೂತು ನೋಡಿದ್ದ ಹನ್ನೆರಡರ ಹುಡುಗನಿಗೆ 2006ರಲ್ಲಿ ಅರವತ್ತನಾಲ್ಕು. ಅಣ್ಣಾವ್ರ ಮುಖವನ್ನು ಕೊನೆಯ ಸಲ ನೋಡಲು ಎಲ್ಲರಿಗಿಂತ ಹೆಚ್ಚು ಹಕ್ಕಿದ್ದವನು ಅವನು. ಬಸ್ಸಿಲ್ಲದೆ ಮನೆಯಲ್ಲೇ ಉಳಿದ.

ಇನ್ನು ಋಣಶೇಷ. ಮೃತರಿಗಿಂತ ಶೋಕಿಸುವವನೇ ದೊಡ್ಡವನಾದರೆ, ಅಥವಾ ಹೆಚ್ಚು ಕಡಿಮೆ ಸಮವಯಸ್ಕನಾದರೆ, ಆತ ಕೂಡಲೇ ದೋಷಾನ್ವೇಷಣೆಗೆ ತೊಡಗುತ್ತಾನೆ. ‘ಶುಗರ್ ಇತ್ತಂತಾ?’ ‘ಸಿಗರೇಟು ಸೇದ್ತಿದ್ರಾ?’ ‘ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡ್ತಿದ್ರಂತೆ, ಅಲ್ವಾ?’ ಇದು ಚಾಡಿಯಲ್ಲ. ತನ್ನಲ್ಲಿ ಇಲ್ಲದ ಒಂದು ದುರಭ್ಯಾಸ ಮೃತರಲ್ಲಿ ಸಿಕ್ಕರೆ ವಜಾಬಾಕಿಯ ಉತ್ತರವನ್ನು ತಿದ್ದಿಕೊಳ್ಳಬಹುದಲ್ಲ ಎಂಬ ಆಸೆ. ಸಾಮಾನ್ಯವಾಗಿ ಏನಾದರೊಂದು ಸಿಗುತ್ತದೆ. 2021ರ ಅಕ್ಟೋಬರ್ 29ರ ಶುಕ್ರವಾರ ಏನೂ ಸಿಗಲಿಲ್ಲ. ಅಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್‌ಗೆ 46. ಕಸರತ್ತು ಮಾಡಿ ಹುರಿಗಟ್ಟಿದ ಮೈ, ಪರದೆಯ ಮೇಲೆ ಅಷ್ಟು ಕುಣಿದರೂ ಏದುಸಿರು ಬಿಡದ ಮನುಷ್ಯ. ಜಿಮ್ಮಿಗೆ ಹೋಗದವನು ‘ನಾನು ಹೋಗೋದಿಲ್ವಲ್ಲ’ ಎಂದು ಸಮಾಧಾನ ಪಟ್ಟುಕೊಳ್ಳಲು ನೋಡಿದ. ಆ ಸಮಾಧಾನ ಅವನಿಗೇ ನಾಚಿಕೆ ತಂದಿತು. ಆಮೇಲಿನ ದಿನಗಳಲ್ಲಿ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ರಸಶಾಸ್ತ್ರದಲ್ಲಿ ಕಂಬನಿ, ವೈವರ್ಣ್ಯ, ಸ್ತಂಭ ಮುಂತಾದ ಎಂಟು ಸಾತ್ತ್ವಿಕ ಭಾವಗಳಿವೆ. ಇಸಿಜಿಯನ್ನು ಒಂಬತ್ತನೆಯದಾಗಿ ಸೇರಿಸಬೇಕೆಂದು ಪ್ರಬಂಧಕಾರನ ಸೂಚನೆ.

ಆದರೆ ಇದೇ ಸಾವಿನಲ್ಲಿ ಸೂತ್ರ ಪೂರ್ತಿ ಸೋತ ಜಾಗವೂ ಇದೆ. ಎಪ್ಪತ್ತರ ಅಜ್ಜಿಯರಿಗೆ ಬಂದ ಶೇಷ ಋಣ ಇಪ್ಪತ್ತನಾಲ್ಕು. ಅವರು ಹೆದರಲಿಲ್ಲ, ಶುಗರ್ ವಿಚಾರಿಸಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಕಾರಣ ಹುಡುಕುತ್ತ ಹೋದರೆ ‘ಪ್ರೇಮದ ಕಾಣಿಕೆ’ಯ ಕೂಸಿನವರೆಗೆ ಹೋಗಬೇಕಾಗುತ್ತದೆ. 1976ರ ಆ ಚಿತ್ರದಲ್ಲಿ ಅಪ್ಪು, ಅಂದರೆ ಪುನೀತ್, ಇನ್ನೂ ವರ್ಷ ತುಂಬದ ಮಗು. 1985ರ ‘ಬೆಟ್ಟದ ಹೂವು’ ಚಿತ್ರದಲ್ಲಿ ಕಾಡಿನ ಹೂ ಮಾರಿ ಪುಸ್ತಕ ಕೊಳ್ಳಲು ಕಾಸು ಕೂಡಿಟ್ಟು, ಕಡೆಗೆ ಪುಸ್ತಕ ಬಿಟ್ಟು ಮನೆಯವರಿಗೆ ಕಂಬಳಿ ತಂದ ಹುಡುಗ. ಅಂಥವನಿಗೆ ನಲವತ್ತಾರಾಯಿತು ಎಂದು ಯಾವ ವೈದ್ಯರು ಹೇಳಿದರೂ ಅಜ್ಜಿಯರು ಒಪ್ಪುವುದಿಲ್ಲ. ಆದ್ದರಿಂದ ಉಪಸೂತ್ರ: ಮಗುವಾಗಿ ಕಂಡವರು ಸತ್ತಾಗ ಕಳೆಯುವ ಲೆಕ್ಕ ನಡೆಯದು. ಇದನ್ನು ಸೇರಿಸಿದ ಮೇಲೆ ಮೂಲಸೂತ್ರದಲ್ಲಿ ಏನುಳಿಯಿತು ಎಂದು ಕೇಳುವವರಿಗೆ, ಎಲ್ಲ ಶಾಸ್ತ್ರಗಳ ಗತಿಯೂ ಇಷ್ಟೇ ಎಂದು ಉತ್ತರ.

ಪೂರ್ವಪಕ್ಷ: 2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಅವರಿಗೆ 111. ಭೂಮಿಯ ಮೇಲಿದ್ದ ಬಹುಮಟ್ಟಿಗೆ ಎಲ್ಲರಿಗೂ ಶೇಷ ಧನಾತ್ಮಕವೇ. ಹಾಗಾದರೆ ತುಮಕೂರಿಗೆ ಲಕ್ಷಗಟ್ಟಲೆ ಜನ ಅಳುತ್ತ ಬಂದದ್ದೇಕೆ? ‘ಇನ್ನೂ ಸ್ವಲ್ಪ ಕಾಲ ಇರಬೇಕಿತ್ತು’ ಎಂದವರೂ ಉಂಟಲ್ಲ?

ಸಿದ್ಧಾಂತ: ನೂರು ದಾಟಿದವರ ವಿಷಯದಲ್ಲಿ ಜನ ಲೆಕ್ಕ ಹಾಕುವುದನ್ನೇ ನಿಲ್ಲಿಸಿರುತ್ತಾರೆ. ಮಠದಲ್ಲಿ ಉಂಡು ಓದಿದ ಹುಡುಗರಿಗೆ ಅವರ ವಯಸ್ಸಿಗಿಂತ ಅಲ್ಲಿನ ಊಟದ ಹೊತ್ತು ಚೆನ್ನಾಗಿ ನೆನಪಿತ್ತು. ಅನ್ನಕ್ಕೆ ಶೇಷವಿಲ್ಲ.

2009ರ ಡಿಸೆಂಬರಿನ ಕೊನೆಯ ವಾರವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. 29ರಂದು ಗಾಯಕ ಸಿ. ಅಶ್ವತ್ಥ್, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ಹೋದರು. ಭಾವಗೀತೆಯ ಶ್ರೋತೃಗಳು ಇನ್ನೂ ಕ್ಯಾಸೆಟ್ಟು ಹುಡುಕುತ್ತಿರುವಾಗಲೇ, 30ರ ನಸುಕಿನಲ್ಲಿ ಮೈಸೂರಿನಿಂದ ವಿಷ್ಣುವರ್ಧನ್ ಸುದ್ದಿ ಬಂತು. 59, ಷಷ್ಟ್ಯಬ್ದಿಗೆ ಒಂಬತ್ತು ತಿಂಗಳೂ ಉಳಿದಿರಲಿಲ್ಲ. ನಾಡಿನ ಕಣ್ಣೀರೆಲ್ಲ ಆ ಕಡೆಗೆ ಹರಿಯಿತು, ಅಶ್ವತ್ಥರಿಗೆ ಒಂದು ಇಡೀ ದಿನದ ಶೋಕವೂ ದಕ್ಕಲಿಲ್ಲ. ಮರು ತಿಂಗಳು 18ಕ್ಕೆ ಇನ್ನೊಬ್ಬ ಅಶ್ವತ್ಥ್, ಹಿರಿಯ ನಟ ಕೆ. ಎಸ್. ಅಶ್ವತ್ಥ್, ಮೈಸೂರಿನಲ್ಲೇ ತೀರಿಕೊಂಡರು. 1972ರಲ್ಲಿ ‘ನಾಗರಹಾವು’ ನೋಡಿದ ಹದಿನೈದರ ಹುಡುಗನಿಗೆ ಈಗ ಐವತ್ತೆರಡು ತುಂಬಿತ್ತು. ಆ ಚಿತ್ರದ ರಾಮಾಚಾರಿ, ಅಂದರೆ ವಿಷ್ಣುವರ್ಧನ್, ಮೊದಲು ಹೋದ, ಇಪ್ಪತ್ತು ದಿನವೂ ತುಂಬುವ ಮೊದಲು ಚಾಮಯ್ಯ ಮೇಷ್ಟ್ರಾಗಿದ್ದ ಕೆ. ಎಸ್. ಅಶ್ವತ್ಥ್ ಅವನ ಹಿಂದೆ ಹೊರಟರು. ರಾಮಾಚಾರಿಯಿಂದ ತನ್ನ ವಯಸ್ಸು ಕಳೆದರೆ ಏಳು, ಮೇಷ್ಟ್ರಿಂದ ಕಳೆದರೆ ಮೂವತ್ತೆರಡು. ಆ ಐವತ್ತೆರಡರ ಗೃಹಸ್ಥ ಮೇಷ್ಟ್ರಿಗೆ ಗಟ್ಟಿಯಾಗಿ ಅತ್ತ. ರಾಮಾಚಾರಿಗಾಗಿ ಅಳದೆ ವಿಮೆಯ ಕಂತು ಕಟ್ಟಿಬಂದ.

ಎಲ್ಲಕ್ಕಿಂತ ಕಠಿಣವಾದ ಸಮಸ್ಯೆ ನಟ ಶಂಕರ್‌ನಾಗ್. ಇತರರ ಶೇಷ ಒಮ್ಮೆ ಬಂದು ಅಲ್ಲಿಗೇ ನಿಲ್ಲುತ್ತದೆ. ಶಂಕರ್‌ನಾಗರದು ಪ್ರತಿ ವರ್ಷವೂ ಒಂದೊಂದು ಕಡಿಮೆಯಾಗುತ್ತ ಹೋಗುತ್ತದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನಲ್ಲಿ ಕಾರು ಅಪಘಾತವಾದಾಗ ಅವರಿಗೆ 35. ಅಂದು ಇಪ್ಪತ್ತರ ಅಭಿಮಾನಿಗೆ ಶೇಷ ಹದಿನೈದು. ಶಂಕರಣ್ಣ ನಿಜಕ್ಕೂ ಅಣ್ಣ. 2005ರಲ್ಲಿ ಸೊನ್ನೆ. 2025ರಲ್ಲಿ ಋಣ ಇಪ್ಪತ್ತು, ಅಂದರೆ ಅಣ್ಣ ಈಗ ಮಗನ ವಯಸ್ಸಿನವನು. ಆದರೂ ಕೂದಲು ನರೆತ ಈತ ಅವರನ್ನು ಅಣ್ಣನೆಂದೇ ಕರೆಯುತ್ತಾನೆ. ಬೆಂಗಳೂರಿನ ಆಟೋಗಳ ಹಿಂಬದಿಯ ಚಿತ್ರಗಳಲ್ಲಿ ಶಂಕರಣ್ಣನ ಕೂದಲು ಮಾತ್ರ ಇನ್ನೂ ಕಪ್ಪು. ಆಟೋ ಓಡಿಸುವ ಎಷ್ಟೋ ಹುಡುಗರು ಹುಟ್ಟಿದ್ದೇ ಅವರು ಹೋದ ಮೇಲೆ. ಅಂಥವರ ಶೋಕವನ್ನು ವಂಶಪಾರಂಪರ್ಯ ಆಸ್ತಿಯ ಕಾಯಿದೆಯಡಿ ಪರಿಗಣಿಸಬೇಕೋ ಎಂಬುದನ್ನು ವಕೀಲರು ಹೇಳಬೇಕು.

ಇದೇ ಪ್ರಕರಣದಲ್ಲಿ ಸಾಕ್ಷ್ಯದ ಪ್ರಶ್ನೆಯೂ ಇದೆ. ದೊಡ್ಡ ಆಘಾತದ ಸುದ್ದಿ ಕೇಳಿದ ಕ್ಷಣ ಫೋಟೊ ತೆಗೆದಂತೆ ಮನಸ್ಸಿನಲ್ಲಿ ಉಳಿಯುತ್ತದೆ ಎಂದು 1977ರಲ್ಲಿ ಬ್ರೌನ್ ಮತ್ತು ಕುಲಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಬರೆದರು. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನವೇ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ ಸುದ್ದಿ ಕೇಳಿದ ಬಗೆಯನ್ನು ಬರೆಸಿಟ್ಟುಕೊಂಡರು. ವರ್ಷಗಳ ಮೇಲೆ ಮತ್ತೆ ಕೇಳಿದರೆ ಬಹಳ ಮಂದಿ ಬೇರೆಯೇ ಕಥೆ ಹೇಳಿದರು, ಅದೂ ಪೂರ್ಣ ವಿಶ್ವಾಸದಿಂದ. ನೈಸರ್ ಆನಗೋಡಿಗೆ ಬಂದಿದ್ದರೆ ಇನ್ನೂ ಸಮೃದ್ಧ ಸಾಮಗ್ರಿ ಸಿಗುತ್ತಿತ್ತು. ‘ಅವತ್ತು ಬೆಳಿಗ್ಗೆ ನಾನು ಅದೇ ರಸ್ತೇಲಿದ್ದೆ ಕಣ್ರೀ’ ಎಂದು ಈವರೆಗೆ ಹೇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ರಾಷ್ಟ್ರೀಯ ಹೆದ್ದಾರಿ 4 ಅಂದೇ ಆರು ಪಥದ್ದಾಗಿರಬೇಕಿತ್ತು. ಇವರು ಸುಳ್ಳು ಹೇಳುತ್ತಿಲ್ಲ ಎಂಬುದು ಪ್ರಬಂಧಕಾರನ ಖಚಿತ ಮತ. ಪ್ರೀತಿಸಿದವರ ಸಾವಿನ ಹೊತ್ತಿನಲ್ಲಿ ತಾನು ಮನೆಯಲ್ಲಿ ಇಡ್ಲಿ ತಿನ್ನುತ್ತಿದ್ದೆ ಎಂಬ ಸತ್ಯವನ್ನು ಎಷ್ಟು ವರ್ಷ ಹೊತ್ತು ತಿರುಗಲು ಸಾಧ್ಯ?

ಕೊನೆಯಲ್ಲಿ ಶಿಫಾರಸುಗಳು. ಗಣ್ಯರ ನಿಧನಕ್ಕೆ ಸರ್ಕಾರ ಎಲ್ಲರಿಗೂ ಒಂದೇ ರಜೆ ಘೋಷಿಸುವುದು ಅವೈಜ್ಞಾನಿಕ. ಇಪ್ಪತ್ತರೊಳಗಿನವರಿಗೆ ರಜೆ ಬೇಡ, ಅವರು ಕ್ರಿಕೆಟ್ ಆಡುತ್ತಾರೆ. ಮೂವತ್ತೈದರಿಂದ ಐವತ್ತೈದರವರಿಗೆ ಅರ್ಧ ದಿನ, ಇಸಿಜಿ ಚೀಟಿ ತೋರಿಸುವ ಷರತ್ತಿನ ಮೇಲೆ. ಎಪ್ಪತ್ತು ದಾಟಿದವರಿಗೆ ರಜೆಯಿಂದ ಉಪಯೋಗವಿಲ್ಲ. ಅವರ ಎದುರು ಕೂತು, ಮೊದಲ ದಿನದ ಮೊದಲ ಆಟಕ್ಕೆ ಎಷ್ಟು ಮೈಲಿ ನಡೆದು ಹೋಗಿದ್ದರು, ಟಿಕೇಟಿಗೆ ಕಾಸು ಯಾರ ಜೇಬಿನಿಂದ ಎತ್ತಿದ್ದರು ಎಂಬುದನ್ನು ನಡುವೆ ಬಾಯಿ ಹಾಕದೆ ಕೇಳಬಲ್ಲ ಒಬ್ಬ ನೌಕರನನ್ನು ಕನಿಷ್ಠ ಎರಡು ಗಂಟೆ ನಿಯೋಜಿಸತಕ್ಕದ್ದು. ಕಾಫಿ ಸರ್ಕಾರದ ಖರ್ಚಿನಲ್ಲಿ. ಅದಕ್ಕೆ ಸಕ್ಕರೆ ಹಾಕಬೇಕೇ ಬೇಡವೇ ಎಂಬುದನ್ನು ಮೃತರು ಯಾವ ಕಾಯಿಲೆಯಿಂದ ಹೋದರು ಎಂದು ವಿಚಾರಿಸಿಕೊಂಡು ಆಯಾ ತಹಸೀಲ್ದಾರರು ತೀರ್ಮಾನಿಸಬಹುದು.