ಯಾರ ಪೈಕಿ?

ವಶೀಲಿ ಸತ್ತುಹೋಯಿತಂತೆ. ಈಗಿರುವುದು ನೆಟ್‌ವರ್ಕಿಂಗ್.

ಒಂದು ಕಾಲಕ್ಕೆ ಕೆಲಸ ಬೇಕಾದವನು ಶಾಸಕರ ಮನೆ ಗೇಟಿನ ಮುಂದೆ ಚಪ್ಪಲಿ ಸವೆಸುತ್ತಿದ್ದ. ಕೈಯಲ್ಲೊಂದು ಅರ್ಜಿ, ಹೆಗಲ ಮೇಲೊಂದು ಬಾಳೆಗೊನೆ. ಅದನ್ನು ನಾವು ಭ್ರಷ್ಟಾಚಾರ ಅಂತ ಬೈದೆವು. ಈಗ ಅದನ್ನೇ ಲಿಂಕ್ಡ್‌ಇನ್‌ನಲ್ಲಿ ಮಾಡಿದರೆ ಕೌಶಲ. ಬಾಳೆಗೊನೆ ಇದ್ದ ಜಾಗಕ್ಕೆ ಲೈಕ್ ಬಂದಿದೆ. ಬಾಳೆಹಣ್ಣನ್ನಾದರೂ ತಿನ್ನಬಹುದಿತ್ತು.

ನಮ್ಮಕ್ಕನ ಮಗ ತರೀಕೆರೆಯಿಂದ ಬೆಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಬಿಇ ಮುಗಿಸಿದ್ದಾನೆ. ಮಾರತ್ತಹಳ್ಳಿಯ ಪಿಜಿಯಲ್ಲಿ ಮೂವರಿಗೊಂದು ರೂಮು. ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಐಟಿಯಲ್ಲಿ ಇವನಿಗೆ ಒಂದು ನರಪಿಳ್ಳೆಯ ಪರಿಚಯವೂ ಇಲ್ಲ. ‘ಚಿಂತೆ ಬೇಡ, ಆನ್‌ಲೈನ್‌ನಲ್ಲಿ ಕಾಂಟ್ಯಾಕ್ಟ್ಸ್ ಬೆಳೆಸಿಕೊಳ್ಳಿ’ ಅಂತ ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರು ಹೇಳಿ ಕಳಿಸಿದರಂತೆ. ಕಾಂಟ್ಯಾಕ್ಟ್ಸ್ ಬೆಳೆಸುವುದಕ್ಕೇ ಅವರಿಗೆ ಸಂಬಳ ಕೊಡುತ್ತಿದ್ದರು. ಇರಲಿ.

ಒಂದು ಭಾನುವಾರ ನಮ್ಮನೆಯ ಸೋಫಾದಲ್ಲಿ ಕೂತು ಲಿಂಕ್ಡ್‌ಇನ್‌ನಲ್ಲಿ ಯಾವುದೋ ಕಂಪನಿಯ ಡೈರೆಕ್ಟರಿಗೆ ರಿಕ್ವೆಸ್ಟ್ ಬರೆಯುತ್ತಿದ್ದ. ಜೊತೆಗೆ ಕಳಿಸುವ ಚೀಟಿಯಲ್ಲಿ ಅಕ್ಷರಕ್ಕೂ ಮಿತಿ. ದುಡ್ಡು ಕಟ್ಟದವನಿಗೆ ತಿಂಗಳಿಗೆ ಅಂಥ ಚೀಟಿಗಳೂ ಬೆರಳೆಣಿಕೆ. ‘ಸರ್, ನಿಮ್ಮ ಪಯಣ ನನಗೆ ಸ್ಫೂರ್ತಿ’ ಅಂತ ಇಂಗ್ಲಿಷಿನಲ್ಲಿ ಬರೆದಿದ್ದ.

“ಯಾವ ಪಯಣ ಕಣೋ?”

“ಗೊತ್ತಿಲ್ಲ ಮಾವ. ಹಂಗೇ ಬರೀಬೇಕಂತೆ.”

ಕಾಫಿ ಆರಿಹೋಯಿತು. ಒಂದು ‘ಸರ್’ ತೆಗೆದ. ಮತ್ತೆ ಹಾಕಿದ. ಕಳಿಸಿದ. ಆ ಡೈರೆಕ್ಟರು ಇವತ್ತಿಗೂ ಉತ್ತರಿಸಿಲ್ಲ. ಅವತ್ತೇ ಸಂಜೆ ಮಾತ್ರ ‘ಕಿರಿಯರ ಮಾತಿಗೆ ಕಿವಿಗೊಡಿ’ ಎಂಬ ಪೋಸ್ಟ್ ಹಾಕಿದ್ದರು. ನಮ್ಮ ಹುಡುಗ ಕೆಳಗೆ ಚಪ್ಪಾಳೆ ತಟ್ಟಿ ಬಂದ.

ಅಲ್ಲಿಯ ಮರ್ಯಾದೆಗಳೇ ಬೇರೆ. ಪ್ರತಿ ಹೆಸರಿನ ಪಕ್ಕ ಒಂದನೇ, ಎರಡನೇ, ಮೂರನೇ ಸುತ್ತಿನವನು ಅಂತ ಗುರುತು. ಹೆಣ್ಣು ಕೇಳಲು ಹೋದ ಮನೆಯಲ್ಲಿ ‘ನೀವು ಯಾರ ಪೈಕಿ?’ ಅಂತ ಕೇಳುತ್ತಿದ್ದರಲ್ಲ, ಅದನ್ನೇ ಕಂಪ್ಯೂಟರ್ ಕೇಳುತ್ತಿದೆ. ಸಂಪರ್ಕಗಳು 500 ಆಗುವವರೆಗೆ ಒಂದೊಂದನ್ನೂ ಎಣಿಸಿ ತೋರಿಸುತ್ತಾರೆ. ದಾಟಿದವನಿಗೆ ಬರೀ ‘500+’. ಬಡವನ ಲೆಕ್ಕ ಮಾತ್ರ ಪೈಸೆ ಸಮೇತ. ನಮ್ಮವನದು 41. ಅದರಲ್ಲಿ ಮೂವತ್ತು ಜನ ಇವನಂತೆಯೇ ಕೆಲಸ ಹುಡುಕುತ್ತಿರುವ ಕ್ಲಾಸ್‌ಮೇಟುಗಳು.

2020ರಲ್ಲಿ ಫೋಟೋದ ಸುತ್ತ ಒಂದು ಹಸಿರು ಉಂಗುರ ಕೊಟ್ಟರು. ‘ಕೆಲಸ ಬೇಕಾಗಿದೆ’ ಅಂತ ಅದರರ್ಥ. ಈಗ ಪಂಡಿತರು ಹೇಳುತ್ತಾರೆ, ಅದನ್ನು ತೆಗೆಯಿರಿ, ದೈನೇಸಿಯಾಗಿ ಕಾಣುತ್ತದೆ. ಹಸಿದವನು ಹಸಿವು ಅನ್ನಬಾರದು. ಡಯಟ್ ಅನ್ನಬೇಕು.

‘ಕಾಲೇಜು ಮುಖ್ಯವಲ್ಲ, ಪ್ರತಿಭೆ ಮುಖ್ಯ’ ಅಂತ ಬರೆಯುವವರ ಹೆಸರಿನ ಕೆಳಗೆ ಐಐಟಿ ತಪ್ಪದೆ ಇರುತ್ತದೆ. ಪಕ್ಕದಲ್ಲಿ ‘ಎಕ್ಸ್-ಗೂಗಲ್’. ನಮ್ಮೂರಿನ ಮಾಜಿ ಪಂಚಾಯ್ತಿ ಸದಸ್ಯರು ಜೀಪಿನ ಬೋರ್ಡಿನಲ್ಲಿ ‘ಮಾಜಿ’ಯನ್ನು ಸಣ್ಣಕ್ಷರದಲ್ಲಿ ಬರೆಸುತ್ತಾರೆ. ಅಷ್ಟಾದರೂ ನಾಚಿಕೆ ಉಳಿದಿದೆ. ಇವರಿಗೆ ಮಾಜಿಯೇ ಬಂಡವಾಳ. ಪರಿಚಯವಿಲ್ಲದೆ ಪರಿಚಯ ಬೆಳೆಸುವುದು ಹೇಗೆ ಅಂತ ಅರ್ಧ ಗಂಟೆ ಹೇಳಿಕೊಡಲು ಒಬ್ಬರು ನಮ್ಮ ಹುಡುಗನಿಂದ 499 ರೂಪಾಯಿ ತೆಗೆದುಕೊಂಡರು. ಕೊನೆಗೆ ಹೇಳಿದ್ದು: ‘ಯಾರಾದರೂ ಗೊತ್ತಿರುವವರನ್ನು ಹಿಡಿಯಿರಿ.’

ವಿಜ್ಞಾನವೂ ಇವನ ಪರ ಇಲ್ಲ. ಆಪ್ತರಿಗಿಂತ ಅಪರೂಪಕ್ಕೆ ಸಿಗುವ ಪರಿಚಿತರೇ ಕೆಲಸಕ್ಕೆ ದಾರಿ ತೋರುತ್ತಾರೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ಲಿಂಕ್ಡ್‌ಇನ್ ಅದನ್ನು ಪರೀಕ್ಷಿಸಿತು. ‘ಇವರು ನಿಮಗೆ ಗೊತ್ತಿರಬಹುದು’ ಎಂಬ ಪಟ್ಟಿಯನ್ನು ಐದು ವರ್ಷ ಕಾಲ 2 ಕೋಟಿ ಜನರಿಗೆ ಬೇರೆ ಬೇರೆ ಥರ ತೋರಿಸಿ ನೋಡಿತು. ಫಲಿತಾಂಶ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಹೆಚ್ಚು ಉಪಯೋಗಕ್ಕೆ ಬರುವುದು ನಡುವೆ ಸುಮಾರು ಹತ್ತು ಜನ ಸಮಾನ ಸ್ನೇಹಿತರಿರುವ ಪರಿಚಯ. ನಮ್ಮ ಹುಡುಗನಿಗೂ ಆ ಡೈರೆಕ್ಟರಿಗೂ ನಡುವೆ ಇರುವುದು ಔಟರ್ ರಿಂಗ್ ರೋಡು ಮಾತ್ರ.

ಈ ಲಿಂಕ್ಡ್‌ಇನ್ ಎಂಬ ಸರಕನ್ನೇ 2016ರಲ್ಲಿ ಮೈಕ್ರೋಸಾಫ್ಟ್ 2,620 ಕೋಟಿ ಡಾಲರ್ ಕೊಟ್ಟು ಕೊಂಡಿತು. ಗೇಟಿನ ಮುಂದೆ ನಿಂತವರ ಸಾಲಿಗೆ ಅಷ್ಟು ಬೆಲೆಯಿದೆ ಅಂತ ನಮ್ಮ ಶಾಸಕರಿಗೆ ಹೊಳೆಯಲೇ ಇಲ್ಲ.

ಕೊನೆಗೂ ಹುಡುಗನಿಗೆ ಇಂಟರ್‌ವ್ಯೂ ಬಂತು. ಹೇಗೆ ಅಂತೀರಿ? ಬೀರೂರಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, “ನೀನು ಯಾರ ಪೈಕಿನಪ್ಪಾ?” ಅಂದರು. ಇವನು ತಾತನ ಹೆಸರು ಹೇಳಿದ. ಅವರು ದೊಡ್ಡ ಕಂಪನಿಯಲ್ಲಿ ಮ್ಯಾನೇಜರು. ಪಾಯಸ ಬರುವಷ್ಟರಲ್ಲಿ ರೆಸ್ಯೂಮೆ ವಾಟ್ಸಾಪ್‌ನಲ್ಲಿ ಹೋಗಿತ್ತು. ಹದಿನೈದು ದಿನದಲ್ಲಿ ಆಫರ್ ಲೆಟರ್.

ಅವನು ಸೇರಿದ ದಿನ ಆ ಮ್ಯಾನೇಜರು ಲಿಂಕ್ಡ್‌ಇನ್‌ನಲ್ಲಿ ಬರೆದರು: ‘ಸಣ್ಣ ಊರಿನ ಪ್ರತಿಭೆಯೊಂದನ್ನು ಗುರುತಿಸಿದೆ. ಶಿಫಾರಸಿಲ್ಲ, ಪ್ರಭಾವವಿಲ್ಲ, ಬರೀ ಮೆರಿಟ್. ವಿನಮ್ರನಾಗಿದ್ದೇನೆ.’ ಒಂಬೈನೂರು ಲೈಕು. ಮೊದಲ ಕಾಮೆಂಟು ನಮ್ಮ ಹುಡುಗನದೇ: ‘ಸ್ಫೂರ್ತಿದಾಯಕ ಸರ್.’

ನಾನೂ ಒಂದು ಲೈಕ್ ಒತ್ತಿದೆ. ನನ್ನ ಮಗಳದು ಈಗ ಏಳನೇ ಸೆಮಿಸ್ಟರು.