ಹಿಂದಿನ ಸಾಲಿನ ಕೇಳುಗ

ಸಂಗೀತದ ಚರಿತ್ರಕಾರರು ವಾಗ್ಗೇಯಕಾರರನ್ನೂ ವಿದ್ವಾಂಸರನ್ನೂ ಆಶ್ರಯ ಕೊಟ್ಟ ಅರಸರನ್ನೂ ತಪ್ಪದೆ ಸ್ಮರಿಸಿದ್ದರೂ ಹಿಂದಿನ ಸಾಲಿನ ಕೇಳುಗನಿಗೆ ಅಡಿಟಿಪ್ಪಣಿಯಲ್ಲಿಯೂ ಜಾಗ ಕೊಟ್ಟಿಲ್ಲ. ಆದರೆ ‘ಕೇಳಿಸ್ತಿಲ್ಲ’ ಎಂಬ ಅವನ ಒಂದೇ ಆಕ್ಷೇಪಕ್ಕೆ ಪಶ್ಚಿಮದವರು, ಮೈಸೂರಿನವರು, ಹುಣಸೂರು ಸೀಮೆಯವರು ಬೇರೆ ಬೇರೆ ಸಮಾಧಾನ ಹೇಳಿದ್ದಾರೆ.

ಪಶ್ಚಿಮದ ಸಮಾಧಾನ ಸಂಖ್ಯಾಬಲದ್ದು. ಒಂದು ಪಿಟೀಲು ಸಾಲದಿದ್ದರೆ ಇಪ್ಪತ್ತು ಮೂವತ್ತು ಪಿಟೀಲು, ಜೊತೆಗೆ ಚೆಲ್ಲೊ, ಕೊಳಲು, ಕಹಳೆ, ನಗಾರಿ. ಈ ಸಮೂಹವೇ ಸಿಂಫನಿ ಆರ್ಕೆಸ್ಟ್ರಾ. ಇಷ್ಟು ಜನ ಸೇರಿದ ಮೇಲೆ ಅವರೆಲ್ಲರ ನಡುವೆ ಒಬ್ಬ ಪ್ರಸಿದ್ಧ ವಾದಕ ಎದ್ದು ಕೇಳಿಸಬೇಕಾದ ರಚನೆಗೆ ಕನ್ಚರ್ಟೊ ಎನ್ನುತ್ತಾರೆ; ಅದರಲ್ಲಿ ಆತ ಒಬ್ಬನೇ ನುಡಿಸುವ ಕಡೆಂಜ ಎಂಬ ಘಟ್ಟ ಬಂದಾಗ, ಸಂಭಾವನೆ ಪಡೆದು ಬಂದ ಉಳಿದವರೆಲ್ಲ ಸುಮ್ಮನೆ ಕೂತಿರುತ್ತಾರೆ. ಸಭೆಗೂ ಮೌನವೇ ವಿಧಿಯಾದ್ದರಿಂದ, ಭಾಗ ಭಾಗಗಳ ನಡುವೆ ಚಪ್ಪಾಳೆ ತಟ್ಟಿದವನು ಅಕ್ಕಪಕ್ಕದವರ ಕೆಂಗಣ್ಣಿಗೆ ಗುರಿಯಾಗುತ್ತಾನೆ. ಈ ಪಶ್ಚಿಮದ ಸಂಗೀತಕ್ಕೆ ಮೈಸೂರಿನ ನಂಟೂ ಇತ್ತು: ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ವೇದಿಕೆ ಲಂಡನ್ನಿನಲ್ಲಿ, ಅಧ್ಯಕ್ಷರ ಅರಮನೆ ಮೈಸೂರಿನಲ್ಲಿ ಎಂದಮೇಲೆ, ಹಿಂದಿನ ಸಾಲು ಅದಕ್ಕಿಂತ ಹಿಂದೆ ಸರಿಯುವುದು ಕಷ್ಟ.

ಎರಡನೆಯ ಸಮಾಧಾನ ತಿರುಮಕೂಡಲಿನಲ್ಲಿ ಹುಟ್ಟಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಮೈಸೂರು ಟಿ. ಚೌಡಯ್ಯನವರದು. ಧ್ವನಿವರ್ಧಕದ ಬಳಕೆಯಿಲ್ಲದ ಕಾಲದಲ್ಲಿ ನಾಲ್ಕು ತಂತಿಯ ಪಿಟೀಲಿನ ನಾದ ಸಭೆಯ ಕೊನೆಗೆ ತಲುಪದಿರುವುದನ್ನು ಕಂಡ ಅವರು, ವಾದಕರ ಸಂಖ್ಯೆಯನ್ನು ಹೆಚ್ಚಿಸುವ ದುಬಾರಿ ಕ್ರಮಕ್ಕೆ ಕೈಹಾಕದೆ, ಮೂರು ಜೊತೆತಂತಿಗಳನ್ನು ಕಟ್ಟಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಅವರ ಹೆಸರಿನ ಬೆಂಗಳೂರಿನ ಸ್ಮಾರಕ ಭವನವಂತೂ ಪಿಟೀಲಿನ ಆಕಾರದಲ್ಲಿಯೇ ಇದ್ದು, ಕೇಳುಗರನ್ನೆಲ್ಲ ವಾದ್ಯದ ಹೊಟ್ಟೆಯೊಳಗೇ ಕೂರಿಸಿ ದೂರುವವರ ಬಾಯಿ ಮುಚ್ಚಿಸಿದೆ.

ಮೂರನೆಯ ಸಮಾಧಾನ ಗಣಪತಿ ಪೆಂಡಾಲಿನದು. ಇಲ್ಲಿನ ಆರ್ಕೆಸ್ಟ್ರಾ, ಅಂದರೆ ಚಿತ್ರಗೀತೆಗಳ ರಸಮಂಜರಿ, ಮೂವತ್ತು ಪಿಟೀಲುಗಳನ್ನು ಕೀಬೋರ್ಡಿನ ಒಂದು ಗುಂಡಿಯೊಳಗೆ ಅಡಗಿಸಿಕೊಂಡಿದ್ದು, ಆಳೆತ್ತರದ ಸ್ಪೀಕರ್ ಬಾಕ್ಸುಗಳ ಮೂಲಕ ಹಿಂದಿನ ಸಾಲನ್ನು ಊರಾಚೆಗೆ ವಿಸ್ತರಿಸಿದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಆ ಸಾಲು ಹೊಗೆಸೊಪ್ಪಿನ ಬ್ಯಾರನ್ನಿನ ಮುಂದಿದೆ. ಎಲೆಯನ್ನು ಬಿಸಿಗಾಳಿಯಲ್ಲಿ ಹದಮಾಡುವ ಈ ಕೋಣೆಯ ಉರಿಯನ್ನು ರಾತ್ರಿಯಿಡೀ ಒಬ್ಬರು ಕಾಯಬೇಕು. ಕೆ.ಆರ್. ನಗರದಲ್ಲಿ ಅದು ಗದ್ದೆಗೆ ನೀರು ತಿರುಗಿಸುವವನ ಬದುವಿನ ಮೇಲೆ, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಆನೆ ಕಾಯುವವನ ಅಟ್ಟಣೆಯ ಮೇಲೆ. ಈ ಕೇಳುಗರು ಟಿಕೆಟ್ಟು ಕೊಳ್ಳುವುದಿಲ್ಲ. ಯಾವ ಭಾಗದ ನಡುವೆ ಚಪ್ಪಾಳೆ ತಟ್ಟಿದರೂ ಯಾರ ಆಕ್ಷೇಪಣೆಯೂ ಇಲ್ಲ.

ಆದಕಾರಣ ಹೆಸರಾಂತ ಪಿಟೀಲುವಾದಕರೊಬ್ಬರು ಪೂರ್ಣ ವಾದ್ಯವೃಂದದೊಡನೆ ಎಂದಾದರೂ ಹುಣಸೂರಿಗೆ ಬರುವುದಾದರೆ, ಸಂಘಟಕರು ಮುಂದಿನ ಸಾಲಿನ ಸೋಫಾಗಳ ಚಿಂತೆಯನ್ನು ಸ್ವಲ್ಪ ಕಡಿಮೆ ಮಾಡಬಹುದು. ಸೋಫಾದವರು ಭಾಷಣ, ಶಾಲು, ಹಾರಗಳು ಮುಗಿದೊಡನೆ ಇನ್ನೊಂದು ಕಾರ್ಯಕ್ರಮಕ್ಕೆ ಏಳುವವರು. ಕಡೆಯ ಸ್ವರದವರೆಗೂ ಕೂತು ಕೇಳುವವನು, ಬ್ಯಾರನ್ನಿನ ಉರಿ ಬಿಟ್ಟು ಏಳಲಾರದವನೇ.